ಯಮುನಮ್ಮನವರ ರಿವರ್ಸ್ ಗೇರ್

ಹಿರೇಕೊಡಿಗೆಯ ಯಮುನಮ್ಮನವರಿಗೆ ಕಾರು ಓಡಿಸಲು ಬರುತ್ತಿತ್ತು, ಆದರೆ ಮುಂದಕ್ಕೆ ಮಾತ್ರ. ಈ ಮಾತನ್ನು ಅವರ ಎದುರಿಗೆ ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಹೇಳದವರೂ ಯಾರೂ ಇರಲಿಲ್ಲ.

ಐವತ್ತು ದಾಟಿದ ಮೇಲೆ ಕಾರು ಕಲಿಯುವ ಆಸೆ ಅವರಿಗೇನೂ ಇರಲಿಲ್ಲ. ಗಂಡ ವಾಸಪ್ಪನವರ ಒಂದು ಕಣ್ಣು ಮಂಜಾಗಿ, ಶಿವಮೊಗ್ಗದ ಡಾಕ್ಟರು ‘ಇನ್ನು ಸ್ಟೀರಿಂಗ್ ಮುಟ್ಟಬೇಡಿ’ ಎಂದುಬಿಟ್ಟರು. ಅಲ್ಲಿಂದ ಮುಂದೆ ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು. ಮೂರು ತಿಂಗಳಾದರೂ ವಾಸಪ್ಪನವರು ದಿನಾ ಬೆಳಿಗ್ಗೆ ಅದನ್ನು ಒರೆಸಿ, ಒಳಗೆ ಕೂತು, ನಿಟ್ಟುಸಿರು ಬಿಟ್ಟು ಇಳಿಯುತ್ತಿದ್ದರು. ಆ ನಿಟ್ಟುಸಿರು ಕೇಳಲಾಗದೆ ಯಮುನಮ್ಮ ಕೊಪ್ಪದ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡರು. ಕಲಿತರು. ವಿಶಾಲವಾದ ಮೈದಾನದಲ್ಲಿ, ಹಿಂದೆ ಒಂದು ನರಪಿಳ್ಳೆಯೂ ಇಲ್ಲದಾಗ, ಹಿಂದಕ್ಕೂ ಒಮ್ಮೆ ತೆಗೆದು ತೋರಿಸಿ ಲೈಸೆನ್ಸನ್ನೂ ಪಡೆದರು.

ಮನೆಗೆ ಬಂದ ಮೊದಲ ವಾರವೇ ಎಡವಟ್ಟಾಯಿತು. ಅಂಗಳದಲ್ಲಿ ಕಾರು ಹಿಂದೆ ತೆಗೆಯುವಾಗ ಕೋಳಿಗೂಡಿಗೆ ಗುದ್ದಿದರು. ಗೂಡು ಮಗುಚಿತು. ಕೋಳಿಗಳಿಗೆ ಏನೂ ಆಗಲಿಲ್ಲ, ಆದರೆ ಹುಂಜ ಮಾತ್ರ ಆಮೇಲೆ ಎಷ್ಟೋ ದಿನ ಇಂಜಿನ್ ಸದ್ದು ಕೇಳಿದರೆ ಸಾಕು, ಹಲಸಿನ ಮರ ಹತ್ತಿ ಕೂರುತ್ತಿತ್ತು. ಇಷ್ಟನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ವಾಸಪ್ಪನವರು ಮರುದಿನ ಹಾಲಿನ ಡೇರಿಯಲ್ಲಿ ನಿಂತು, ಗೂಡು ಬಿದ್ದ ಬಗೆ, ಕೋಳಿ ಹಾರಿದ ಬಗೆ, ಹೆಂಡತಿ ಕಿರುಚಿದ ಬಗೆ, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಊರು ನಕ್ಕಿತು. ಅಂದಿನಿಂದ ಯಮುನಮ್ಮನವರ ಪಾಲಿಗೆ ರಿವರ್ಸ್ ಗೇರ್ ಎಂಬುದು ಕಾರಿನಲ್ಲಿ ಇಲ್ಲವೇ ಇಲ್ಲ ಎಂಬಂತಾಯಿತು.

ಹಿಂದಕ್ಕೆ ಹೋಗದೆ ಬದುಕುವುದು ಹೇಳಿದಷ್ಟು ಸುಲಭವಲ್ಲ. ಅದಕ್ಕೆ ಬಹಳ ತಲೆ ಓಡಿಸಬೇಕು. ಕಾರನ್ನು ಶೆಡ್ಡಿನೊಳಗೆ ಹಾಕುವುದನ್ನೇ ಬಿಟ್ಟು, ಶೆಡ್ಡಿನ ಮುಂದೆ ಗೇಟಿಗೆ ಮುಖ ಮಾಡಿ ನಿಲ್ಲಿಸತೊಡಗಿದರು. ಯಮುನಮ್ಮ ಕೊಪ್ಪದ ಪೇಟೆಗೆ ಹೋದರೆ ಅಂಗಡಿಯ ಮುಂದೆ ಎಷ್ಟೇ ಜಾಗವಿದ್ದರೂ ನಿಲ್ಲಿಸುತ್ತಿರಲಿಲ್ಲ. ಊರಾಚೆ, ಮುಂದಕ್ಕೆ ಹೋಗಿ ಮುಂದಕ್ಕೇ ಹೊರಬರುವಂಥ ಬಯಲು ಹುಡುಕಿ ನಿಲ್ಲಿಸಿ, ಅಲ್ಲಿಂದ ನಡೆದು ಬರುತ್ತಿದ್ದರು. ‘ನಡೆದ್ರೆ ಶುಗರ್ ಬರಲ್ಲ’ ಎಂದು ಕೇಳದವರಿಗೂ ಹೇಳುತ್ತಿದ್ದರು. ಯಾರದಾದರೂ ಮನೆಗೆ ಹೋಗಬೇಕಾದರೆ ಮೊದಲು ಫೋನ್ ಮಾಡಿ ಕೇಳುತ್ತಿದ್ದದ್ದು ‘ಇದೀರಾ?’ ಎಂದಲ್ಲ, ‘ನಿಮ್ಮ ಅಂಗಳದಲ್ಲಿ ರೌಂಡ್ ಹೊಡೀಬಹುದಾ?’ ಎಂದು.

ಒಂದು ಸಲ ಪಕ್ಕದ ಮನೆಯ ದೇವಕಿಯನ್ನು ಕೂರಿಸಿಕೊಂಡು ಮದುವೆಗೆ ಹೊರಟರು. ಕಲ್ಯಾಣಮಂಟಪ ಇದ್ದದ್ದು ಶೃಂಗೇರಿ ರಸ್ತೆಯಲ್ಲಿ. ಮಾತಿನ ಭರದಲ್ಲಿ ಅದು ದಾಟಿಹೋಯಿತು.

“ಯಮುನಕ್ಕ, ಮಂಟಪ ಹಿಂದೆ ಹೋಯ್ತು.”

“ಹೋಗ್ಲಿ ಬಿಡೆ ಮಾರಾಯ್ತಿ, ಮುಂದೆ ಎಲ್ಲಾದ್ರೂ ತಿರುಗಿಸನ.”

ಮುಂದೆ ಒಂದು ಕಡೆ ಜಾಗವಿತ್ತು, ಅಲ್ಲಿ ಬಸ್ಸು ನಿಂತಿತ್ತು. ಇನ್ನೊಂದು ಕಡೆ ಬಸ್ಸಿರಲಿಲ್ಲ, ದನಗಳು ಮಲಗಿದ್ದವು. ಹೀಗೆ ಜಾಗ ಹುಡುಕುತ್ತಾ ಹುಡುಕುತ್ತಾ ಶೃಂಗೇರಿಯೇ ಬಂದುಬಿಟ್ಟಿತು. ಬಂದ ಮೇಲೆ ಅಮ್ಮನವರ ದರ್ಶನ ಮಾಡದೆ ಹೋಗುವುದುಂಟೇ? ದರ್ಶನ ಮಾಡಿದರು, ಮಠದ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ವಾಪಸು ಬರುವಷ್ಟರಲ್ಲಿ ಮಂಟಪದ ಬಾಗಿಲಲ್ಲಿ ಚಪ್ಪರ ಬಿಚ್ಚುತ್ತಿದ್ದರು. ಉಡುಗೊರೆಯ ಪಾತ್ರೆಯನ್ನು ದೇವಕಿ ಮರುದಿನ ಮದುಮಗಳ ಮನೆಗೆ ಬಸ್ಸಿನಲ್ಲಿ ಹೋಗಿ ಕೊಟ್ಟುಬಂದಳು.

ಇಂಥ ಹೊತ್ತಿನಲ್ಲಿ ಕೊಪ್ಪದಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಒಂದು ದಿನದ ಶಿಬಿರ ನಡೆಯಿತು. ವಿಷಯ, ಆತ್ಮವಿಶ್ವಾಸ. ನಡೆಸಿಕೊಡಲು ಬಂದವಳು ಅರ್ಪಣಾ ಎಂಬ ಶಿವಮೊಗ್ಗದ ಹುಡುಗಿ, ಯಮುನಮ್ಮನವರ ಮಗಳು ಜ್ಯೋತ್ಸ್ನಾಳ ವಯಸ್ಸಿನವಳು. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮದೊಂದು ಗುರಿ ಹೇಳಬೇಕು ಎಂದಳು. ಒಬ್ಬರು ತಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ದುಬೈಗೆ ಕಳಿಸುತ್ತೇನೆ ಎಂದರು. ಇನ್ನೊಬ್ಬರು ತಾಲ್ಲೂಕು ಪಂಚಾಯಿತಿಗೆ ನಿಲ್ಲುತ್ತೇನೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಯಮುನಮ್ಮನವರ ಸರದಿ ಬಂದಾಗ ಅವರೂ ಏನಾದರೂ ದೊಡ್ಡದೇ ಹೇಳಬೇಕೆಂದು ಎದ್ದರು. ಆದರೆ ಬಾಯಿಂದ ನಿಜ ಹೊರಬಿತ್ತು.

“ನಂಗೆ ಕಾರು ಹಿಂದಕ್ಕೆ ತೆಗೆಯೋದು ಕಲೀಬೇಕು.”

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ದೇವಕಿ, ಅವಳಿಗೆ ಮದುವೆ ಊಟ ತಪ್ಪಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅರ್ಪಣಾ ಮಾತ್ರ ನಗಲಿಲ್ಲ.

“ಎಷ್ಟು ದೂರ ಹಿಂದಕ್ಕಮ್ಮ?”

“ಅಂದ್ರೆ?”

“ಗುರಿಗೆ ಅಳತೆ ಇರ್ಬೇಕಲ್ವಾ? ಮೊದಲು ಎಲ್ಲಿಂದ ಎಲ್ಲಿಗೆ?”

ಯಮುನಮ್ಮ ಯೋಚಿಸಿದರು. “ಶೆಡ್ಡಿಂದ ಬಾವಿಕಟ್ಟೆವರೆಗೆ.”

“ಯಾವಾಗಿಂದ?”

“ನಾಳೆ… ನಾಳೆ ಅಮಾವಾಸ್ಯೆ. ನಾಡಿದ್ದು.”

ಈಗ ಅರ್ಪಣಾಳೂ ನಕ್ಕಳು. ಸಂಜೆ ಹೊರಡುವ ಮೊದಲು ಎಲ್ಲರಿಗೂ ಒಂದು ಉಪದೇಶ ಮಾಡಿದಳು: ದಿನಾ ಕನ್ನಡಿಯಲ್ಲಿ ಕಣ್ಣಿಟ್ಟು ‘ನನ್ನಿಂದ ಆಗುತ್ತದೆ’ ಎಂದು ಹೇಳಿಕೊಳ್ಳಬೇಕು.

ನಾಡಿದ್ದು ಬೆಳಿಗ್ಗೆ ಯಮುನಮ್ಮ ಕಾರಿನಲ್ಲಿ ಕೂತು ಅಲ್ಲಿನ ಕನ್ನಡಿಯನ್ನೇ ನೋಡಿ ‘ನನ್ನಿಂದ ಆಗ್ತದೆ’ ಎಂದರು. ಕನ್ನಡಿಯಲ್ಲಿ ಅವರ ಹಣೆಯ ಕುಂಕುಮ ಬಹಳ ಚೆನ್ನಾಗಿ ಕಾಣುತ್ತಿತ್ತು. ಕುಂಕುಮವೊಂದೇ ಕಾಣುತ್ತಿತ್ತು. ಇಷ್ಟು ದಿನ ಅದನ್ನು ಬೊಟ್ಟು ಸರಿಮಾಡಿಕೊಳ್ಳಲು ತಿರುಗಿಸಿ ಇಟ್ಟುಕೊಂಡಿದ್ದರೆಂಬುದು ಆಗಲೇ ಅವರಿಗೆ ಹೊಳೆದದ್ದು. ಕನ್ನಡಿಯನ್ನು ಹಿಂದಿನ ಗಾಜಿಗೆ ಹೊಂದಿಸಿದರು. ಅಂಗಳ ಕಂಡಿತು, ಬಾವಿಕಟ್ಟೆ ಕಂಡಿತು, ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ವಾಸಪ್ಪನವರೂ ಕಂಡರು.

“ನಾನು ಹೇಳ್ತೀನಿ, ನೀನು ಬಾ,” ಎಂದರು ವಾಸಪ್ಪ. “ಬಾ, ಬಾ, ಬಾ… ಆ ಕಡೆ ತಿರುಗ್ಸು. ಆ ಕಡೆ ಅಂದ್ರೆ ಈ ಕಡೆ ಕಣೆ! ಬಾ, ಬಾ… ಹೋ! ಹೋ ಅಂದ್ರೆ ನಿಲ್ಸು ಅಂತ!”

ಆ ಕಡೆ, ಈ ಕಡೆ, ಹೋ, ಇಷ್ಟರಲ್ಲಿ ಕಾರು ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ನಿಂತಿತು. ಹುಂಜ ಮರ ಹತ್ತಿತು. ಹೀಗೆ ಒಂದು ವಾರ ನಡೆಯಿತು. ಹಿಂದಿನ ಬಂಪರು ಒಂದು ಕಡೆಯಿಂದ ಕೆಳಗಿಳಿದು, ಕಾರು ಸೊಟ್ಟಗೆ ನಕ್ಕಂತೆ ಕಾಣತೊಡಗಿತು.

ಎಂಟನೆಯ ದಿನವೋ ಏನೋ, ವಾಸಪ್ಪನವರು ಡೇರಿಯಲ್ಲಿ ಮಾತಿಗೆ ಸಿಕ್ಕಿ ಬರುವುದು ತಡವಾಯಿತು. ಯಮುನಮ್ಮ ಒಬ್ಬರೇ ಕೂತು ನಿಧಾನಕ್ಕೆ ಬಿಟ್ಟರು. ಹೊರಳಿ ನೋಡಿದರು, ಕನ್ನಡಿ ನೋಡಿದರು, ಮತ್ತೆ ಹೊರಳಿದರು. ಕಾರು ಸೀದಾ ಹೋಗಿ ಬಾವಿಕಟ್ಟೆಗೆ ಒಂದು ಮಾರು ಇರುವಾಗ ನಿಂತಿತು. ನಂಬಿಕೆ ಬರಲಿಲ್ಲ. ಮತ್ತೊಂದು ಸಲ ಮಾಡಿದರು, ಮತ್ತೂ ಸರಿಯಾಯಿತು. ಆಗ ಗಂಡ ಗೇಟಿನಲ್ಲಿ ಕಾಣಿಸಿಕೊಂಡು “ಬಾ, ಬಾ” ಎಂದರು. ಕಾರು ಹೋಗಿ ಒಗೆಯುವ ಕಲ್ಲಿಗೆ ಬಡಿಯಿತು.

ಯಮುನಮ್ಮ ಇಳಿದು ಬಾಗಿಲು ಹಾಕಿ, ಬಹಳ ಹೊತ್ತು ಅಲ್ಲೇ ನಿಂತು ಯೋಚಿಸಿದರು. ಮೂವತ್ತು ವರ್ಷ ಅಡುಗೆಮನೆಯಿಂದ ತೋಟದವರೆಗೆ ಎಲ್ಲ ಕೆಲಸವನ್ನೂ ಯಾರಾದರೂ ಹೇಳುವುದನ್ನು ಕೇಳುತ್ತಲೇ ಮಾಡಿ ಅವರಿಗೆ ರೂಢಿ. ಕೈ ಸರಿಯಾಗಿಯೇ ಇತ್ತು, ಎಡವಟ್ಟಾಗುತ್ತಿದ್ದದ್ದು ಕಿವಿಯಿಂದ.

“ರೀ, ನಾಳೆಯಿಂದ ನೀವು ಡೇರಿಯಲ್ಲಿ ಸ್ವಲ್ಪ ನಿಧಾನ ಮಾಡ್ಕಂಡು ಬನ್ನಿ,” ಎಂದರು.

“ಯಾಕೆ?”

“ಅಲ್ಲಿ ನಿಮ್ ಮಾತು ಕೇಳೋರು ಇದಾರೆ.”

ವಾಸಪ್ಪನವರಿಗೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡರು.

ಅಂಗಳದ ಅಭ್ಯಾಸ ಮುಗಿದು, ಗೇಟಿನಿಂದ ರಸ್ತೆಯವರೆಗಿನ ಅಭ್ಯಾಸವೂ ಮುಗಿಯಿತು. ಆದರೆ ಅಷ್ಟೂ ಆದದ್ದು ಯಾರೂ ನೋಡದಾಗ. ನಾಲ್ಕು ಜನರ ಎದುರು ಆಗುತ್ತದೋ ಇಲ್ಲವೋ ಎಂಬ ಪುಕುಪುಕು ಅವರಿಗೆ ಇದ್ದೇ ಇತ್ತು. ಆ ಪರೀಕ್ಷೆ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ದಾರಿಯಲ್ಲಿ ಬಂತು.

ನಾರ್ವೆಯಲ್ಲಿ ಯಮುನಮ್ಮನವರ ಅಕ್ಕ ಸೀತಕ್ಕನ ಹೊಸ ಮನೆಯ ಗೃಹಪ್ರವೇಶ. ಗಂಡ ಹೆಂಡತಿ ಬೆಳಿಗ್ಗೆ ಹೊರಟರು. ಮುಖ್ಯರಸ್ತೆ ಬಿಟ್ಟ ಮೇಲೆ ದಾರಿ ಕಿರಿದು, ಎಡಕ್ಕೆ ಗೋಡೆಯಂತೆ ಎದ್ದ ಮಣ್ಣಿನ ಧರೆ, ಬಲಕ್ಕೆ ಕೆಳಗೆ ಗದ್ದೆ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಂತಿತು. ಬಸ್ಸಿನ ಹಿಂದೆ ಒಂದು ಜೀಪು, ಅದರ ಹಿಂದೆ ಬಾಳೆಗೊನೆ ತುಂಬಿದ ಪಿಕಪ್ಪು. ಹಿಂದೆ ಹೋಗಬೇಕಾದವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಬಸ್ಸಿನವ ಹಾರನ್ ಹೊಡೆದ. ಯಮುನಮ್ಮ ಕದಲಲಿಲ್ಲ. ಮತ್ತೆ ಹೊಡೆದ. ಬಸ್ಸಿನಿಂದ ಒಬ್ಬೊಬ್ಬರಾಗಿ ಇಳಿಯತೊಡಗಿದರು. ಮಲೆನಾಡಿನ ಬಸ್ಸಿನಲ್ಲಿ ಕೂತವರೆಲ್ಲ ಒಂದಲ್ಲ ಒಂದು ಗಾಡಿ ಓಡಿಸಿದವರೇ, ಓಡಿಸದವರು ಇನ್ನೂ ಹೆಚ್ಚು ತಿಳಿದವರು.

“ಬಲಕ್ಕೆ ಕಟ್ ಮಾಡಿ ಅಮ್ಮ!”

“ಬಲಕ್ಕೆ ಮಾಡಿದ್ರೆ ಗದ್ದೆಗೆ ಬೀಳ್ತಾರೆ ಮಾರಾಯ, ಎಡಕ್ಕೆ, ಎಡಕ್ಕೆ!”

“ಮೊದ್ಲು ಹ್ಯಾಂಡ್‌ಬ್ರೇಕ್ ಬಿಡ್ಲಿ ತಡಿ.”

ಕಂಡಕ್ಟರು ಧರ್ಮಪ್ಪ ಬಂದು ಕಾರಿನ ಬಾಗಿಲನ್ನೇ ತೆರೆದ. “ನೀವು ಇಳೀರಿ ಅಮ್ಮ, ನಾನು ತೆಗ್ದು ಕೊಡ್ತೀನಿ. ಟೈಮಾಯ್ತು.”

“ಕೊಟ್ಬಿಡೆ,” ಎಂದರು ವಾಸಪ್ಪ ಮೆಲ್ಲಗೆ. “ಮರ್ಯಾದೆ ಪ್ರಶ್ನೆ ಅಲ್ಲ ಇದು. ಕೆಳಗೆ ಗದ್ದೆ ಇದೆ.”

ಯಮುನಮ್ಮನವರ ಒಂದು ಕಾಲು ಆಗಲೇ ಹೊರಗಿತ್ತು. ಇಳಿದುಬಿಟ್ಟರೆ ಒಂದೇ ನಿಮಿಷ, ಎಲ್ಲ ಮುಗಿಯುತ್ತದೆ. ಆದರೆ ಈಗ ಇಳಿದರೆ ಇನ್ನು ಯಾವತ್ತೂ ಈ ಸೀಟಿನಲ್ಲಿ ನೆಟ್ಟಗೆ ಕೂರುವುದಿಲ್ಲ ಎಂದೂ ಅನಿಸಿತು. ಕಾಲನ್ನು ಒಳಗೆ ತೆಗೆದುಕೊಂಡರು.

“ಧರ್ಮಪ್ಪ, ಬಾಗಿಲು ಹಾಕು. ನೀವೆಲ್ಲ ಹೋಗಿ ಬಸ್ಸಲ್ಲಿ ಕೂತ್ಕಳಿ. ಯಾರೂ ಒಂದು ಮಾತು ಆಡ್ಕೂಡ್ದು. ಬಾ ಅಂತಾನೂ ಅನ್ಬೇಡಿ, ಹೋ ಅಂತಾನೂ ಅನ್ಬೇಡಿ.” ಆಮೇಲೆ ಗಂಡನ ಕಡೆ ತಿರುಗಿ, “ನೀವೂ ಇಳೀರಿ. ಆ ಮೋರಿ ಹತ್ರ ಹೋಗಿ ನಿಂತ್ಕಳಿ. ಬಾಯಿ ಮುಚ್ಕಂಡು.”

ಮದುವೆಯಾದಾಗಿನಿಂದ ಆ ದನಿಯನ್ನು ವಾಸಪ್ಪನವರು ಕೇಳಿರಲಿಲ್ಲ. ಇಳಿದು ನಡೆದರು. ಹಿಂದೆ ಮೋರಿಯ ಬಳಿ ರಸ್ತೆ ಸ್ವಲ್ಪ ಅಗಲವಿತ್ತು, ಅಲ್ಲಿ ಹೋಗಿ ಕಟ್ಟೆಯ ಪಕ್ಕ ನಿಂತರು. ಎಲ್ಲಿ ಮಾತು ಹೊರಬೀಳುತ್ತದೋ ಎಂದು ಟವೆಲನ್ನು ಬಾಯಿಗೆ ಒತ್ತಿಕೊಂಡರು.

ಕಾರು ಹಿಂದಕ್ಕೆ ಹೊರಟಿತು. ಎರಡು ಸಲ ಆಫ್ ಆಯಿತು. ಬಸ್ಸಿನೊಳಗೆ ಯಾರೋ ಕೆಮ್ಮಿದ್ದು ಬಿಟ್ಟರೆ ಸದ್ದಿಲ್ಲ. ಎಡಗಡೆಯ ಕನ್ನಡಿ ಧರೆಯ ಜರಿಗಿಡಗಳನ್ನು ತರಿದುಕೊಂಡು ಹೋಯಿತು, ಬಾಗಿಲ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಯಮುನಮ್ಮ ನಿಲ್ಲಿಸಲಿಲ್ಲ. ತಿರುವು ಕಳೆಯಿತು. ಮೋರಿ ಬಂತು. ಕಾರು ಬದಿಗೆ ಸರಿದು ನಿಂತಿತು.

ಬಸ್ಸು ಪಕ್ಕದಲ್ಲಿ ಹಾದುಹೋಗುವಾಗ ಚಪ್ಪಾಳೆ ಗಿಪ್ಪಾಳೆ ಏನೂ ಬರಲಿಲ್ಲ. ಧರ್ಮಪ್ಪ ಬಾಗಿಲಲ್ಲಿ ಬಾಗಿ, “ಇಷ್ಟು ಚಂದ ಬರೋದಾದ್ರೆ ಮೊದ್ಲೇ ತೆಗೀಬಾರ್ದಿತ್ತಾ ಅಮ್ಮ?” ಎಂದ. ಜೀಪು ಹೋಯಿತು, ಬಾಳೆಗೊನೆಯೂ ಹೋಯಿತು. ಯಮುನಮ್ಮನವರಿಗೆ ಎದೆಯಲ್ಲಿ ಏನೋ ಉಬ್ಬಿ ಬಂತು. ಗೇರ್ ಹಾಕಿದರು, ಹೊರಟೇಬಿಟ್ಟರು. ತಿರುವು ದಾಟಿ, ಗದ್ದೆಯಂಚು ಮುಗಿದು, ಏರು ಹತ್ತುವಾಗ “ನೋಡಿದ್ರಾ ರೀ?” ಎಂದು ಪಕ್ಕಕ್ಕೆ ತಿರುಗಿದರು. ಸೀಟು ಖಾಲಿ.

ವಾಸಪ್ಪನವರು ಮೋರಿಕಟ್ಟೆಯ ಮೇಲೆ ಕೂತು, ಹೆಂಡತಿ ಬೇಕೆಂದೇ ಬಿಟ್ಟುಹೋದಳೋ ಮರೆತು ಹೋದಳೋ ಎಂದು ಲೆಕ್ಕ ಹಾಕುತ್ತಿದ್ದರು. ಮುಂದೆ ತಿರುಗಿಸುವ ಜಾಗವೆಂದರೆ ಸೀತಕ್ಕನ ಅಂಗಳವೇ. ಅಲ್ಲಿ ಹೋಗಿ, ರೌಂಡ್ ಹೊಡೆದು, ಮಾತಾಡಿಸಿಕೊಂಡು ಬರುವಷ್ಟರಲ್ಲಿ ತಿಂಡಿ ಮುಗಿದಿರುತ್ತದೆ. ಅಷ್ಟರಲ್ಲಿ ಇಂಜಿನ್ ಸದ್ದು ಕೇಳಿತು. ತಿರುವಿನಿಂದ ಕಾರು ಬರುತ್ತಿತ್ತು, ಮುಖ ಆ ಕಡೆ, ಬೆನ್ನು ಈ ಕಡೆ. ಸೊಟ್ಟ ಬಂಪರು ತಮ್ಮತ್ತಲೇ ಬರುವುದನ್ನು ಕಂಡು ಅವರು ಕಟ್ಟೆಯ ಮೇಲೆ ಎದ್ದು ನಿಂತರು. ಕಾರು ಅವರ ಪಕ್ಕದಲ್ಲಿ ಅಚ್ಚುಕಟ್ಟಾಗಿ ನಿಂತಿತು. ಬಾಗಿಲು ತೆರೆಯಿತು.

“ಹತ್ತಿ.”

ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ, “ಮಾತಾಡ್ಬಹುದಾ?” ಎಂದು ಕೇಳಿದರು.

“ಮಾತಾಡಿ.”

“ಇದ್ನ ಯಾರ್ ಹೇಳಿದ್ರು ಮಾಡು ಅಂತ?”

“ಯಾರೂ ಹೇಳ್ಲಿಲ್ಲ,” ಎಂದರು ಯಮುನಮ್ಮ. ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಬಸ್ಸಿನ ಎದುರು ತೆಗೆದದ್ದು ವಿಧಿಯಿಲ್ಲದೆ. ಈ ಸಲದ್ದು ಹಾಗಲ್ಲ. ಸೀಟು ಖಾಲಿ ಕಂಡಿತು, ಕೈ ತಾನಾಗಿ ಗೇರಿಗೆ ಹೋಯಿತು. ಹೆದರಬೇಕೆಂಬುದೇ ನೆನಪಾಗಿರಲಿಲ್ಲ.

ಗೃಹಪ್ರವೇಶದ ಮನೆಯಲ್ಲಿ ವಾಸಪ್ಪನವರು ಕಾಫಿ ಲೋಟ ಹಿಡಿದು, ತಾವು ಮೋರಿಯ ಬಳಿ ನಿಂತು ಹೇಗೆ ಕಣ್ಸನ್ನೆಯಲ್ಲೇ ಕಾರನ್ನು ಹಿಂದೆ ತರಿಸಿದರು ಎಂದು ನೆಂಟರಿಗೆಲ್ಲ ವರ್ಣಿಸಿದರು. ಸೀತಕ್ಕ ತಂಗಿಯನ್ನು ನೋಡಿದರು. ಯಮುನಮ್ಮ ಕೋಸಂಬರಿ ಬಡಿಸುತ್ತಾ, “ಹೇಳ್ಲಿ ಬಿಡು ಅಕ್ಕ, ಪಾಪ, ತುಂಬ ಹೊತ್ತು ಬಾಯಿ ಮುಚ್ಕಂಡಿದ್ರು,” ಎಂದರು.

ಇದಾಗಿ ಎರಡು ವರ್ಷವಾಯಿತು. ಕಾರಿನ ಗೀರು ಹಾಗೇ ಇದೆ. ಬಣ್ಣ ಹೊಡೆಸುತ್ತೇನೆಂದು ವಾಸಪ್ಪ ಹೇಳುತ್ತಾರೆ, ಯಮುನಮ್ಮ ಬೇಡವೆನ್ನುತ್ತಾರೆ. ಕೊಪ್ಪದಲ್ಲಿ ಈಗ ಅಂಗಡಿಯ ಮುಂದೆಯೇ ನಿಲ್ಲಿಸುತ್ತಾರೆ, ಎರಡು ಜೀಪುಗಳ ನಡುವೆ ತೂರಿಸಿ. ಶುಗರಿನ ಮಾತು ಎತ್ತುವುದಿಲ್ಲ. ಭಾನುವಾರ ಎನ್.ಆರ್.ಪುರದ ಮಗಳ ಮನೆಗೆ ಒಬ್ಬರೇ ಹೋಗುತ್ತಾರೆ. ಜ್ಯೋತ್ಸ್ನಾಳ ಮನೆಯಿರುವುದು ಮುಂದೆ ದಾರಿಯಿಲ್ಲದ ಗಲ್ಲಿಯ ಕೊನೆಗೆ. ಕಾರನ್ನು ಗಲ್ಲಿಯ ಬಾಯಿಂದ ಕೊನೆಯವರೆಗೆ ರಿವರ್ಸಿನಲ್ಲೇ ತಂದು ನಿಲ್ಲಿಸುವಾಗ ಅಕ್ಕಪಕ್ಕದವರು ಕಿಟಕಿಗೆ ಬರುತ್ತಾರೆ. ಯಮುನಮ್ಮನವರಿಗೆ ಅದು ಗೊತ್ತು, ಹಾಗಾಗಿ ಇತ್ತೀಚೆಗೆ ಆ ದಾರಿಗೆ ಒಳ್ಳೆಯ ಸೀರೆಯನ್ನೇ ಉಡುತ್ತಾರೆ.

“ಮುಂದೆ ಎಂತ ಅಮ್ಮ ನಿನ್ ಗುರಿ?” ಎಂದು ಮಗಳು ಮೊನ್ನೆ ಕೇಳಿದಳು.

“ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗೋದು. ದೀಪಾವಳಿ ಆದ್ಮೇಲೆ. ನಿಮ್ಮಪ್ಪನ್ನೂ ಕರ್ಕಂಡು.”

ಈ ಸುದ್ದಿ ಹಿರೇಕೊಡಿಗೆಗೆ ತಲುಪಿದೆ. ದೀಪಾವಳಿಗೆ ಇನ್ನೂ ಒಂದೂವರೆ ತಿಂಗಳಿದೆ. ವಾಸಪ್ಪನವರು ಮಾತ್ರ ಆ ವಾರ ತಮಗೆ ಹೊಟ್ಟೆ ಸರಿಯಿರುವುದಿಲ್ಲ ಎಂದು ಈಗಲೇ ಡೇರಿಯಲ್ಲಿ ಹೇಳಿಟ್ಟಿದ್ದಾರೆ.