ಪಾಟೀಲರ ಬಲಗಿವಿ

ಕೋವಿಡ್ ತಗ್ಗಿದ ಮರುವರ್ಷ. ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಆಡಿಯಾಲಜಿಸ್ಟ್ ಆಗಿದ್ದೆ. ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆದು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸಿಕೊಡುವ ಕೆಲಸ. ನಿವೃತ್ತಿ ಹತ್ತಿರವಿತ್ತು. ಆ ಚಳಿಗಾಲದಲ್ಲಿ ಧಾರವಾಡ ಕಡೆಯ ಶಿವಾನಂದ ಪಾಟೀಲರು ಬಂದರು. ಟೆಲಿಕಾಂ ಎಂಜಿನಿಯರ್, ಐವತ್ತರ ಆಸುಪಾಸು.

"ಮೀಟಿಂಗ್‌ನ್ಯಾಗ ಹೆಣ್ಣಮಕ್ಕಳ ಮಾತು ತಿಳಿಯವಲ್ತು ಮೇಡಂ," ಎಂದರು.

ಪರೀಕ್ಷಿಸಿದೆ. ಸ, ಶ, ಫ ಮುಂತಾದ ತೆಳು ಧ್ವನಿಗಳು ಅವರಿಗೆ ಕೇಳುತ್ತಿರಲಿಲ್ಲ. ದೊಡ್ಡ ಸದ್ದಿನಿಂದ ಆಗುವ ಹಾನಿ ಇದು. ವಿಚಾರಿಸಿದಾಗ, ಮಗಳ ಜೊತೆ ಬಂದೂಕಿನಿಂದ ಗುರಿ ಹೊಡೆಯುವ ಶೂಟಿಂಗ್ ರೇಂಜಿಗೆ ಹೋಗುತ್ತೇನೆಂದರು. ಆದರೂ ಒಂದು ಅಂಶ ಹೊಂದಲಿಲ್ಲ. ಬಲಗೈಯವರು ರೈಫಲ್ ಹಿಡಿದಾಗ ಕೊಳವೆಯ ಬಾಯಿಗೆ ಹತ್ತಿರವಾಗುವುದು ಎಡಗಿವಿ, ಹೆಚ್ಚು ಕೆಡುವುದೂ ಅದೇ. ಪಾಟೀಲರೂ ಬಲಗೈಯವರೇ, ಆದರೆ ಅವರಿಗೆ ಹೆಚ್ಚು ಕೆಟ್ಟಿದ್ದು ಬಲಗಿವಿ.

"ಸದ್ದು ತಡೆಯೋಕೆ ಕಿವಿಗೆ ಇಯರ್‌ಮಫ್ ಹಾಕ್ಕೋತೀರಾ?"

"ಒಂದ್ ಸಲಾನೂ ತಪ್ಪಿಸಿಲ್ರಿ. ನಂಬಿಕಿ ಇಲ್ಲಂದ್ರ ಬಂದು ನೋಡ್ರಿ."

ಏಪ್ರಿಲ್‌ನ ಒಂದು ಶನಿವಾರ ಹೋದೆ. ದಕ್ಷಿಣ ಜೆರ್ಸಿಯ ಪೈನ್ ಕಾಡಿನ ನಡುವೆ ದೊಡ್ಡ ಸಾರ್ವಜನಿಕ ರೇಂಜ್. ಉದ್ದನೆಯ ತಗಡಿನ ಮಾಡಿನ ಕೆಳಗೆ ಸಾಲು ಬೆಂಚುಗಳು, ಎದುರಿಗೆ ಮರಳು ಬಯಲು, ಕೊನೆಗೆ ಮಣ್ಣಿನ ದಿಬ್ಬ. ಕೂಲರ್, ಮಡಚುವ ಕುರ್ಚಿ ಹಿಡಿದು ಜನ ಪಿಕ್ನಿಕ್ಕಿಗೆ ಬಂದಂತೆ ಬಂದಿದ್ದರು. ನಾನೂ ಮಫ್ ತೊಟ್ಟಿದ್ದೆ. ಆದರೂ ಗುಂಡಿನ ಸದ್ದು ಎದೆಗೆ ಬಂದು ಗುದ್ದುತ್ತಿತ್ತು.

ಮಗಳು ಮೇಘಾಗೆ ಹದಿನಾರು ವರ್ಷ. ತಂದೆ ತಾಯಿ ಬೇರೆಯಾಗಿದ್ದರು. ಅವಳು ತಾಯಿಯೊಂದಿಗೆ ಕೆಂಡಲ್ ಪಾರ್ಕ್‌ನಲ್ಲಿದ್ದು, ವಾರ ಬಿಟ್ಟು ವಾರ ಅಪ್ಪನ ಬಳಿ ಬರುತ್ತಿದ್ದಳು. ಸಣ್ಣ ರೈಫಲ್ಲಿನಲ್ಲಿ ಗುರಿಯಿಟ್ಟು ಹೊಡೆಯುವಳು, ನಡುನಡುವೆ ಬಲಕ್ಕೆ ಕೂತ ಅಪ್ಪನ ಕಡೆ ಬಾಗಿ ಏನೇನೋ ಹೇಳುವಳು. ಶಾಲೆಯ ವಿಷಯ, ಗೆಳತಿಯ ಜಗಳ. ಪಾಟೀಲರು ಮುಖವನ್ನು ಪೂರ್ತಿ ಅವಳತ್ತ ತಿರುಗಿಸಿ, ಮಫ್‌ನ ಬಲಗಿವಿಯ ಮೇಲಿನ ಕಪ್ಪನ್ನು ಎತ್ತಿ ಕೇಳುವರು. ಆಗ ಆ ಕಿವಿ ಬಯಲಿನ ಕಡೆಗಿರುತ್ತಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬಾತ ಬೇಟೆಯ ದೊಡ್ಡ ರೈಫಲ್ ಹಾರಿಸುತ್ತಲೇ ಇದ್ದ.

ಅವರನ್ನು ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ, ಇದೇ ಕಾರಣವೆಂದು ಹೇಳಿದೆ.

"ಗೊತ್ತದ ಮೇಡಂ," ಎಂದರು. "ಕಾರಿನ್ಯಾಗ ಫೋನು, ಮನ್ಯಾಗ ರೂಮಿನ ಬಾಗಲಾ ಹಾಕ್ಕೊಂಡು ಕುಂಡ್ರತಾಳ. ಅಕಿ ನನ್ನ ಜೋಡಿ ಮಾತಾಡೂದು ಇಲ್ಲಿ ಮಾತ್ರ. ಕೇಳಸವಲ್ತು ಅಂದ್ರ, 'ನೆವರ್ ಮೈಂಡ್' ಅಂದು ಸುಮ್ಮನಾಗ್ತಾಳ."

ಮಾತನ್ನು ಒಳಬಿಟ್ಟು ಗುಂಡಿನ ಸದ್ದನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಇಯರ್‌ಮಫ್ ಸಿಗುತ್ತದೆಂದು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಮೊದಲ ಯಾರೂ ಹೇಳ್ಲಿಲ್ಲಲ್ರಿ," ಎಂದರು.

ಬೆಂಚಿಗೆ ಮರಳಿದೆವು. ಮೇಘಾ ಏನೋ ಕೇಳಿದಳು. ಅಭ್ಯಾಸಬಲದಿಂದ ಪಾಟೀಲರ ಕೈ ಮೇಲೇರಿತು. ನಾನು ತಟ್ಟನೆ ಆ ಕಪ್ಪನ್ನು ಒತ್ತಿ ಹಿಡಿದೆ. ಹುಡುಗಿ ನನ್ನ ಕೈ ನೋಡಿದಳು, ಅಪ್ಪನ ಕಿವಿ ನೋಡಿದಳು.

"ಅಪ್ಪಾ, ಹೌ ಲಾಂಗ್ ಹ್ಯಾವ್ ಯು ಬೀನ್ ಡೂಯಿಂಗ್ ದಟ್?" ಎಂದು ಕೂಗಿ ಕೇಳಿದಳು.

"ಏನಿಲ್ಲ ಪುಟ್ಟಿ, ನೀ ಹೊಡಿ."

ಅವಳು ಹೊಡೆಯಲಿಲ್ಲ. ಗುಂಡು ತೆಗೆದು ರೈಫಲ್ ಕೆಳಗಿಟ್ಟು, ಹೋಗಿ ಕಾರಿನಲ್ಲಿ ಕೂತಳು. ಮತ್ತೆ ಅವಳು ರೇಂಜಿಗೆ ಬರಲಿಲ್ಲ. ಪಾಟೀಲರು ಕೊಂಡ ಹೊಸ ಮಫ್‌ಗಳು ಬಳಕೆಯಾಗಲೇ ಇಲ್ಲ.

ಹಿಯರಿಂಗ್ ಏಡ್ ಹೊಂದಿಸಿದೆ. ಅಂಕಿಗಳ ಮಟ್ಟಿಗೆ ಫಲಿತಾಂಶ ಚೆನ್ನಾಗಿಯೇ ಬಂತು. ಕೊನೆಯ ಸಲ ಬಂದಾಗ, ಮಗಳು ಈಗಲೂ ಬರುತ್ತಾಳೆ, ಊಟಕ್ಕೆ ಹೋಗುವ ಡೈನರ್‌ನಲ್ಲಿ ತಮ್ಮ ಒಳ್ಳೆಯ ಕಿವಿಯ ಕಡೆ, ಎಡಕ್ಕೇ ಕೂರುತ್ತಾಳೆ, ಒಂದೊಂದೇ ಪದವನ್ನು ಬಿಡಿಸಿ ಗಟ್ಟಿಯಾಗಿ ಹೇಳುತ್ತಾಳೆ ಎಂದರು.

"ಎಲ್ಲಾ ಕೇಳಸ್ತದ್ರಿ ಈಗ. ಆದ್ರ ಅಕಿ ಮೊದಲಿನಂಗ ಮಾತಾಡೂದು ಬಿಟ್ಟಾಳ. ನನಗ ಕೇಳಸೂ ಹಂಗ ಹೇಳ್ತಾಳ, ಅಷ್ಟ."

ಎಷ್ಟು ಕೇಳುತ್ತದೆ ಎಂದು ವೃತ್ತಿಯುದ್ದಕ್ಕೂ ಅಳೆದವಳು ನಾನು. ಬಂದವರಿಗೆ ಯಾರ ಮಾತು ಕೇಳಿಸಬೇಕಾಗಿದೆ ಎಂಬುದನ್ನೂ ಮೊದಲ ದಿನವೇ ವಿಚಾರಿಸಬೇಕೆಂದು ಆ ಕೆಲಸ ನನಗೆ ಕಲಿಸಿದ್ದು ತೀರಾ ಕೊನೆಗೆ.