ಅಕ್ಕನ ಬಿ.ಎಡ್. ಹಿಡಿದು ಶಿವಮೊಗ್ಗಕ್ಕೆ

ಬೆಳಗ್ಗೆ ಎಂಟೂವರೆಗೆ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಶಿವಮೊಗ್ಗದ ಪ್ರೈವೇಟ್ ಬಸ್ಸು ಹತ್ತಿದೆವು, ನಾನು ಮತ್ತು ಗಿರಿಜಕ್ಕ. ದೂರ ಹದಿನೆಂಟು ಕಿಲೋಮೀಟರು, ಟಿಕೇಟು ತಲಾ ಏಳು ರೂಪಾಯಿ. ಇಷ್ಟಕ್ಕೆಲ್ಲ ಪ್ರವಾಸ ಕಥನ ಬರೆಯುವುದುಂಟೇ ಎಂದು ನೀವು ಕೇಳಬಹುದು. ಹಿಮಾಲಯಕ್ಕೆ ಹೋದವರು ಬರೆಯುತ್ತಾರೆ, ಸಿಂಗಪುರಕ್ಕೆ ಹೋದವರು ಫೋಟೋ ಸಮೇತ ಬರೆಯುತ್ತಾರೆ. ನಾನು ಹೋಗಿದ್ದು ಶಿವಮೊಗ್ಗಕ್ಕೆ ಮಾತ್ರ, ಅದನ್ನೇ ಬರೆಯುತ್ತೇನೆ.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಬಿ.ಎ. ಮುಗಿಸಿ, ಮನೆಯ ಜಗುಲಿಯಲ್ಲಿ ಕಾರ್ಖಾನೆ ಕೆಲಸಗಾರರ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡಿದ್ದಳು. ಅವಳು ಬೈದರೆ ಮಕ್ಕಳು ನಗುತ್ತಿದ್ದವು, ನಾನು ಅವಳ ಹಾಗೆ ಬೈದು ತೋರಿಸಿದರೆ ಅಳುತ್ತಿದ್ದವು. ಸರ್ಕಾರಿ ಹೈಸ್ಕೂಲ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಹೆಸರು ಬಂದು, ಮೂಲ ಪ್ರಮಾಣಪತ್ರ ತೋರಿಸಲು ಬರಬೇಕೆಂದು ಕಾಗದ ಬಂದಿತ್ತು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ಅವಕಾಶ.

ಮಾರ್ಚ್ ತಿಂಗಳು. ಬಸ್ಸಿನ ತಗಡು ಆಗಲೇ ಕಾದಿತ್ತು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಊರು ದಾಟುತ್ತಿದ್ದಂತೆ ಹಿಂದಿನ ಸೀಟಿನಿಂದ ಕಂಡಕ್ಟರನದೇ ದನಿಯಲ್ಲಿ “ಹೋಲ್ಡಾನ್!” ಎಂದು ಕೂಗಿದೆ. ಬಸ್ಸು ನಿಂತೇಬಿಟ್ಟಿತು. ಇಳಿಯುವವರು ಯಾರೂ ಇಲ್ಲ.

“ಯಾವನೋ ಅವ್ನು?” ಕಂಡಕ್ಟರ್ ನನ್ನ ಹತ್ತಿರ ಬಂದ. “ನಿನಗೊಂದು ಟಿಕೆಟ್ ತಗೊಂಡೆ ಸರಿ, ನಿನ್ ಗಂಟಲಿಗೆ ತಗೊಂಡಿದೀಯೇನೋ?”

ಬಸ್ಸೆಲ್ಲ ನಕ್ಕಿತು. ಅಕ್ಕ ನನ್ನ ತೊಡೆ ಚಿವುಟಿದಳು. “ಇವತ್ತೊಂದಿನ ಮನುಷ್ಯನ ಥರ ಕೂತ್ಕೋ ಮಾರಾಯ.”

“ಯಾವ ಮನುಷ್ಯನ ಥರ?”

“ನಿನ್ ಥರ.”

“ಅದೊಂದು ಬರಲ್ಲ ಅಕ್ಕ.”

ನಿಜವಾಗಿಯೂ ಬರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಹೊರರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಸ್ಟಡಿ ಸೆಂಟರ್ ಎಂದು ಬೋರ್ಡು ಹಾಕಿದ್ದರು. ಗಣಪತಿ ಪೆಂಡಾಲಿನಲ್ಲಿ ನನ್ನ ಮಿಮಿಕ್ರಿ ಕೇಳಿದ ಅದರ ಡೈರೆಕ್ಟರು, ಆಟೋದಲ್ಲಿ ಮೈಕು ಕಟ್ಟಿ ಪ್ರಚಾರ ಮಾಡಲು ನನ್ನನ್ನೇ ಕರೆದರು. ನಾನು ರೇಡಿಯೋ ವಾರ್ತೆ ಓದುವವರ ಗಂಭೀರ ದನಿ ತೆಗೆದೆ. “ಮಾನ್ಯತೆ ಪಡೆದ ಬಿ.ಎಡ್. ಪದವಿ, ನಿಮ್ಮ ಊರಿನಲ್ಲಿಯೇ, ಭಾನುವಾರದ ತರಗತಿಗಳು.” ಮಾನ್ಯತೆ ಎಂದರೆ ಏನು, ಯಾರು ಕೊಡುತ್ತಾರೆ, ಯಾಕೆ ಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಆ ಪದವನ್ನು ಸ್ವಲ್ಪ ಎಳೆದು ಹೇಳಿದರೆ ಚೆನ್ನಾಗಿ ಕೇಳಿಸುತ್ತಿತ್ತು, ಅಷ್ಟೇ.

ಅಕ್ಕ ಅಕ್ಕಿ ಆರಿಸುತ್ತಾ ಅದನ್ನು ಕೇಳಿದ್ದಳು. “ಲೋ, ಮಾನ್ಯತೆ ಇರೋದು ನಿಜಾನಾ?” ಎಂದು ಕೇಳಿದಾಗ, “ರೇಡಿಯೋದೋರು ಸುಳ್ಳು ಹೇಳ್ತಾರೆಯೇ ತಾಯಿ?” ಎಂದಿದ್ದೆ, ಅದೇ ದನಿಯಲ್ಲಿ. ಮರುವಾರ ಹೋಗಿ ಸೇರಿಕೊಂಡಳು. ಎರಡು ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಮಾಚೇನಹಳ್ಳಿಯ ಕಾರ್ಖಾನೆ ಶೆಡ್ಡುಗಳು, ಆಮೇಲೆ ಮಲವಗೊಪ್ಪ, ಆಮೇಲೆ ತುಂಗೆಯ ಸೇತುವೆ. ಒಂಬತ್ತೂಕಾಲಿಗೆ ಶಿವಮೊಗ್ಗ. ನಿಲ್ದಾಣದ ಹತ್ತಿರ ಇಡ್ಲಿ ತಿಂದೆವು. ಅಕ್ಕ ಒಂದೇ ಇಡ್ಲಿ ತಿಂದು, ಕೈ ತೊಳೆದು, ಒರೆಸಿ, ಇನ್ನೊಮ್ಮೆ ತೊಳೆದಳು. ಸರ್ಟಿಫಿಕೇಟಿಗೆ ಎಣ್ಣೆ ತಾಗಬಾರದಲ್ಲ.

ಶಿಕ್ಷಣ ಇಲಾಖೆ ಕಚೇರಿಯ ವರಾಂಡದಲ್ಲಿ ಎರಡೂವರೆ ಗಂಟೆ ಕಾದು ಕೂತೆವು. ಹೊತ್ತು ಹೋಗಲೆಂದು ನಾನು ಹೆಸರು ಕರೆಯುತ್ತಿದ್ದ ಜವಾನನ ದನಿ ತೆಗೆದು ಅವಳ ಹೆಸರು ಕೂಗಿದೆ. ಬೆಚ್ಚಿಬಿದ್ದು ಎದ್ದು ನಿಂತಳು. ಆಮೇಲೆ ಮತ್ತೆ ಹಾಗೆ ಮಾಡಲಿಲ್ಲ.

ಒಳಗಿದ್ದ ಅಧಿಕಾರಿ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಅಕ್ಕನಿಗೆ ಕುರ್ಚಿ ತೋರಿಸಿದರು, ಬಿ.ಎ. ಅಂಕಪಟ್ಟಿ ನೋಡಿ “ಒಳ್ಳೆ ಮಾರ್ಕ್ಸು” ಎಂದರು. ಬಿ.ಎಡ್. ಕಾಗದ ಬಂದಾಗ ಕನ್ನಡಕ ತೆಗೆದರು.

“ಇದು ನಡೆಯಲ್ಲಮ್ಮ.”

“ಯೂನಿವರ್ಸಿಟಿ ಸುಳ್ಳಾ ಸರ್?”

“ಯೂನಿವರ್ಸಿಟಿ ನಿಜಾನೇ. ಆದ್ರೆ ಅದು ತನ್ನ ರಾಜ್ಯ ಬಿಟ್ಟು ಇಲ್ಲಿ ಬಂದು ಸೆಂಟರ್ ತೆಗೆಯೋ ಹಂಗಿಲ್ಲ. ಅದೂ ಅಲ್ದೆ ಬಿ.ಎಡ್. ಕೋರ್ಸಿಗೆ ಬೇರೆ ಮಾನ್ಯತೆ ಬೇಕು. ಪಾಠ ಮಾಡೋರು ಯಾರು, ಲೈಬ್ರರಿ ಇದ್ಯಾ, ಯಾವ ಶಾಲೇಲಿ ಪ್ರಾಕ್ಟೀಸ್ ಕೊಡಿಸ್ತಾರೆ, ಎಲ್ಲಾನೂ ಬಂದು ನೋಡಿ ಕೊಡ್ತಾರೆ. ನೀವು ಯಾವ ಶಾಲೇಲಿ ಮಾಡಿದ್ರಿ?”

ಅಕ್ಕ ತಡೆದು ಹೇಳಿದಳು. “ಒಂದು ವಾರ ನಾವೇ ಟೀಚರು, ಒಂದು ವಾರ ನಾವೇ ಮಕ್ಕಳು ಸರ್.”

ಅವರು ನಗಲಿಲ್ಲ. ಮಾನ್ಯತೆ ಇರುವ ಕಾಲೇಜುಗಳ ಪಟ್ಟಿಯನ್ನು ಅವಳ ಕಡೆ ತಿರುಗಿಸಿದರು. ಅಕ್ಕ ಬೆರಳಿಟ್ಟು ಮೇಲಿಂದ ಕೆಳಗೆ ಓದಿದಳು. ಮುಗಿದ ಮೇಲೆ ಮೊದಲ ಪುಟಕ್ಕೆ ಹೋಗಿ ಇನ್ನೊಮ್ಮೆ ಓದಿದಳು.

“ನಾನು ಚೆನ್ನಾಗಿ ಓದಿದೀನಿ ಸರ್. ಬೇಕಾದ್ರೆ ಇಲ್ಲೇ ಕೇಳಿ.”

“ನೀವು ಓದಿಲ್ಲ ಅಂತ ಯಾರಮ್ಮ ಅಂದ್ರು? ನೀವು ಓದಿದ ಜಾಗಾನ ಯಾರೂ ನೋಡಿಲ್ಲ. ನೋಡದೆ ನಾನು ಹೆಂಗೆ ಮಕ್ಕಳನ್ನ ನಿಮ್ಮ ಕೈಗೆ ಕೊಡ್ಲಿ?” ಕಾಗದ ವಾಪಸು ಕೊಡುತ್ತಾ ಕೇಳಿದರು. “ಮಾನ್ಯತೆ ಇದೆ ಅಂತ ನಿಮಗೆ ಹೇಳಿದ್ದಾದ್ರೂ ಯಾರು?”

ನಾನು ಬಾಗಿಲಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ.

“ಮೈಕಲ್ಲಿ ಹೇಳ್ತಿದ್ರು ಸರ್.”

“ಮೈಕಲ್ಲಿ ಯಾರು ಬೇಕಾದ್ರೂ ಹೇಳ್ತಾರಮ್ಮ.”

ಹೊರಗೆ ಬಿಸಿಲು ಸುಡುತ್ತಿತ್ತು. ಒಂದು ಕಬ್ಬಿನ ಹಾಲಿನ ಅಂಗಡಿಯ ನೆರಳಿನಲ್ಲಿ ನಿಂತೆವು. “ಅಕ್ಕ, ಬೈಯಿ” ಎಂದೆ.

“ಬೈದ್ರೆ ನಾಳೆ ಅದನ್ನೇ ಎಲ್ಲರ ಮುಂದೆ ಮಾಡಿ ತೋರಿಸ್ತೀಯ.”

“ಇಲ್ಲ.”

“ಕೇಳ್ಬೇಕಾಗಿದ್ದೋಳು ನಾನು ಕಣೋ. ಮಹಡಿ ಹತ್ತಿ ಹೋಗಿ, ಕಾಗದ ತೋರಿಸಿ ಅಂತ ಒಂದ್ಸಲ ಕೇಳಿದ್ರೆ ಆಗಿತ್ತು. ಕೇಳ್ಲಿಲ್ಲ. ನಿಜ ಇರ್ಲಿ ಅಂತ ಅನ್ನಿಸ್ತಿತ್ತು.” ತನ್ನ ಲೋಟವನ್ನು ಕುಡಿಯದೆ ನನ್ನ ಕಡೆ ಸರಿಸಿದಳು. ಎರಡೂ ಲೋಟ ನಾನೇ ಕುಡಿದೆ. ಇಂಥ ಹೊತ್ತಿನಲ್ಲೂ ನನ್ನ ಗಂಟಲಿಗೆ ನಾಚಿಕೆ ಇಲ್ಲ.

ಒಂದೂವರೆಯ ಬಸ್ಸಿಗೆ ವಾಪಸು ಹೊರಟೆವು. ಅಕ್ಕ ಕಿಟಕಿ ಪಕ್ಕ ಕೂತಳು. ಮಲವಗೊಪ್ಪ ದಾಟಿದ ಮೇಲೆ ಇದ್ದಕ್ಕಿದ್ದಂತೆ, “ಮಾಚೇನಹಳ್ಳೀಲಿ ಇಳಿಯೋಣ, ಸೆಲ್ವಿ ಇದಾಳೆ” ಎಂದಳು. ಸೆಲ್ವಿ ಅದೇ ಸೆಂಟರಿನಲ್ಲಿ ಅವಳಿಗಿಂತ ಒಂದು ವರ್ಷ ಕೆಳಗಿನ ತರಗತಿಯಲ್ಲಿದ್ದ ಹುಡುಗಿ, ಅಲ್ಲಿನ ಒಂದು ಸಣ್ಣ ಬೋಲ್ಟು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಪರೀಕ್ಷೆಗೆ ಓದಬೇಕೆಂದು ಆ ವಾರವೇ ಕೆಲಸ ಬಿಡುವವಳಿದ್ದಳಂತೆ.

ಊಟದ ಬಿಡುವಿನಲ್ಲಿ ಸೆಲ್ವಿ ಗೇಟಿಗೆ ಓಡಿಬಂದಳು. “ಏನಕ್ಕಾ, ಸ್ವೀಟ್ ಎಲ್ಲಿ?” ಎಂದವಳು ಅಕ್ಕನ ಮುಖ ನೋಡಿ ಚಾಚಿದ ಕೈ ಹಿಂದೆಳೆದುಕೊಂಡಳು.

ಅಕ್ಕ ಕುಕ್ಕುರುಗಾಲಲ್ಲಿ ಕೂತು, ಮಣ್ಣಿನ ಮೇಲೆ ಕಡ್ಡಿಯಿಂದ ಒಂದು ವೃತ್ತ ಎಳೆದಳು. “ಇದು ಯೂನಿವರ್ಸಿಟಿ ಇರೋ ರಾಜ್ಯ.” ವೃತ್ತದ ಹೊರಗೆ, ದೂರದಲ್ಲಿ ಒಂದು ಚುಕ್ಕೆ ಇಟ್ಟಳು. “ಇದು ನಮ್ಮ ಸೆಂಟರ್. ಅದ್ರ ಅಧಿಕಾರ ಈ ಗೆರೆವರೆಗೆ. ಗೆರೆ ದಾಟಿದ್ರೆ ಕಾಗದ ಅದೇ, ಸೀಲು ಅದೇ, ಬೆಲೆ ಇಲ್ಲ.” ಊಟದ ಡಬ್ಬಿ ಹಿಡಿದುಕೊಂಡು ಇನ್ನೂ ನಾಲ್ಕು ಹೆಂಗಸರು ಬಂದು ಸುತ್ತ ನಿಂತರು. ಒಬ್ಬಳು, ತನ್ನ ತಮ್ಮ ಸೇರಿರುವ ಕಂಪ್ಯೂಟರ್ ಕೋರ್ಸಿನದೂ ಹೀಗೇ ಇರಬಹುದೇ ಎಂದು ಕೇಳಿದಳು. ಅಕ್ಕ ಅವಳಿಗೂ ಹೇಳಿದಳು: ಬೋರ್ಡು ನೋಡಬೇಡ, ಮಾನ್ಯತೆ ಪತ್ರ ಕೇಳು, ಕೊಟ್ಟವರ ಹತ್ತಿರ ಹೋಗಿ ಪಟ್ಟಿಯಲ್ಲಿ ಹೆಸರಿದೆಯಾ ನೋಡು, ದುಡ್ಡು ಕಟ್ಟೋ ಮೊದಲೇ.

“ಅರ್ಥ ಆಯ್ತಾ? ಎಲ್ಲಿ ಸೆಲ್ವಿ, ನೀನೊಂದ್ಸಲ ಹೇಳು.”

ಸೆಲ್ವಿ ಕಣ್ಣೊರೆಸಿಕೊಳ್ಳುತ್ತಾ, ಒಂದೂ ತಪ್ಪಿಲ್ಲದೆ ಹೇಳಿದಳು. ಅಕ್ಕ ಚೆನ್ನಾಗಿ ಕಲಿಸುತ್ತಾಳೆ. ಆ ಹೆಂಗಸರಿಗೂ ಅದು ಕಂಡಿತು.

“ಮತ್ತೆ ನೀವು ಏನ್ ಮಾಡ್ತೀರಕ್ಕಾ?” ಸೆಲ್ವಿ ಕೇಳಿದಳು. “ಒಳ್ಳೆ ಕಾಲೇಜಲ್ಲಿ ಇನ್ನೊಂದ್ಸಲ ಓದಿ.”

“ಓದ್ಬೋದು. ಅಷ್ಟ್ರಲ್ಲಿ ವಯಸ್ಸು ದಾಟಿರುತ್ತೆ ಮಾರಾಯ್ತಿ.” ಅಕ್ಕ ಎದ್ದು ಕೈ ಕೊಡವಿಕೊಂಡಳು. “ಒಳಗೆ ಕೆಲಸಕ್ಕೆ ಜನ ಬೇಕಾ? ಕೇಳ್ತೀಯಾ?”

ಸೆಲ್ವಿ ನನ್ನ ಮುಖ ನೋಡಿದಳು. ಊರಿನ ಅರ್ಧ ಜನರ ದನಿ ನನ್ನಲ್ಲಿದೆ. ಅಲ್ಲಿ ಆಡಬಹುದಾದ ಒಂದೂ ಸಿಗಲಿಲ್ಲ.

ಸೂಪರ್‌ವೈಸರ್ ಸೆಲ್ವಿಯ ಜೊತೆ ಗೇಟಿನ ತನಕ ಬಂದ. “ಎಲ್ಲೀವರೆಗೆ ಓದಿದೀರಮ್ಮ?”

“ಬಿ.ಎ.” ಎಂದಳು ಅಕ್ಕ. ಆಮೇಲೆ, “ಅಷ್ಟೇ.”

ಸಂಜೆಯವರೆಗೆ ಇದ್ದು ಕೆಲಸ ನೋಡಿಕೊಂಡು ಹೋಗಲಿ ಎಂದ. ನಾನೊಬ್ಬನೇ ಭದ್ರಾವತಿಯ ಬಸ್ಸು ಹತ್ತಿದೆ. ಸೀಟಿತ್ತು, ಕೂರಲಿಲ್ಲ. ಹಿಂದಿನ ಗಾಜಿನಲ್ಲಿ ಶೆಡ್ಡಿನ ಬಾಗಿಲು ಕಾಣುತ್ತಿತ್ತು. ಅಕ್ಕ, ಬೆಳಗ್ಗೆ ಇಸ್ತ್ರಿ ಮಾಡಿ ಉಟ್ಟಿದ್ದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಒಳಗೆ ಹೋಗುತ್ತಿದ್ದಳು.