ನಮ್ಮ ಹಿತ್ತಲಿನ ಬಾಂದುಕಲ್ಲು

ದಾವಣಗೆರೆಯಿಂದ ಹರಿಹರದ ಕಡೆ ಹೊರಟರೆ ಊರು ಮುಗಿಯುವಲ್ಲಿ ನಮ್ಮ ರಸ್ತೆ ಸಿಗುತ್ತದೆ. ಈ ಕಡೆಯ ಸಾಲು ನಗರ, ಆ ಕಡೆಯ ಸಾಲು ಹಳ್ಳಿ ಎಂದು ಎಲ್ಲರೂ ನಂಬಿದ್ದೆವು. ನಡುವೆ ಇರುವುದು ಎರಡು ಆಟೋ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಡಾಂಬರು. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ನಮ್ಮ ಸಾಲಿಗೆ ಬರುತ್ತಿತ್ತು. ಎದುರು ಸಾಲಿನವರು ಬಕೆಟ್ ಹಿಡಿದು ಓಡಿಬಂದರೆ "ನಿಮ್ದು ಪಂಚಾಯ್ತಿ ಐತಲ್ರಿ" ಎಂದು ಹೇಳಿ ಮುಂದೆ ಹೋಗುತ್ತಿತ್ತು. ನಾನು ಹರಿಹರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ಗ್ರಾಮ ಪಂಚಾಯ್ತಿ, ಪುರಸಭೆ, ನಗರಸಭೆ, ಪಾಲಿಕೆ ಎಂದು ಬೋರ್ಡಿನ ಮೇಲೆ ಚೌಕ ಹಾಕಿ ಪಾಠ ಮಾಡುವವಳು. ಬೋರ್ಡಿನ ಮೇಲೆ ಅದು ಬಲು ಚೆಂದ ಕಾಣುತ್ತದೆ. ಅದೇ ಗೆರೆ ಮನೆ ಬಾಗಿಲ ಮುಂದೆ ಹಾದುಹೋದರೆ ಸಿಟ್ಟು ಬರುತ್ತದೆ, ಮತ್ತು ನನಗೆ ಸಿಟ್ಟು ಬರುವುದು ಬೇಗ.

ಎದುರು ಮನೆಯವರು ಗಾದಿ ಹೊಲಿಯುವ ಮುಸ್ಲಿಂ ಕುಟುಂಬ. ಮನೆಯಾಕೆ ನನಗಿಂತ ಹಿರಿಯರು. ನಾನು ಅವರನ್ನು ಆಪಾ ಅನ್ನುತ್ತೇನೆ, ಅವರು ನನ್ನನ್ನು ಟೀಚರಮ್ಮ ಅನ್ನುತ್ತಾರೆ. ಅವರ ಸಾಲಿಗೆ ಪಂಚಾಯ್ತಿಯ ಕೊಳವೆಬಾವಿ ನೀರು. ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಹೊಸ ಸ್ಟೀಲಿನ ಕೊಡದ ಒಳಗೆ ಕೆಲವೇ ದಿನಕ್ಕೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ. ನಮ್ಮ ಸಾಲಿಗೆ ಹೊಳೆ ನೀರು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ನೀರು ಬಿಟ್ಟ ದಿನ ಮೊದಲು ನಮ್ಮ ತೊಟ್ಟಿ ತುಂಬುತ್ತದೆ, ಆಮೇಲೆ ನಮ್ಮ ನಲ್ಲಿಗೆ ಪೈಪು ಸಿಕ್ಕಿಸಿ ರಸ್ತೆ ದಾಟಿಸಿ ಆಪಾ ಅವರ ಡ್ರಮ್ಮಿಗೆ ಬಿಡುತ್ತೇವೆ. ಅಲ್ಲಿಂದ ಆ ಸಾಲಿನವರೆಲ್ಲ ಕೊಡಗಟ್ಟಲೆ ಒಯ್ಯುತ್ತಾರೆ. ರಸ್ತೆಗೆ ಡಾಂಬರು ಹಾಕುವಾಗ ಆಪಾ ಅವರ ಯಜಮಾನರು ಕೆಲಸದವರಿಗೆ ಚಹಾ ಕುಡಿಸಿ, ಅಡ್ಡಕ್ಕೆ ಒಂದು ಕಬ್ಬಿಣದ ಕೊಳವೆ ಹೂಳಿಸಿಬಿಟ್ಟಿದ್ದರು. ನಮ್ಮ ಪೈಪು ಅದರೊಳಗಿಂದ ತೂರಿಕೊಂಡು ಹೋಗುತ್ತಿತ್ತು. ಮೇಲೆ ಟ್ರ್ಯಾಕ್ಟರ್ ಹೋದರೂ ಕೆಳಗೆ ನೀರು ಹೋಗುತ್ತಿತ್ತು.

ಈ ನೀರು ಬರುವುದು ತುಂಗಭದ್ರೆಯಿಂದ. ನಾನು ದಿನಾ ಬಸ್ಸಿನಲ್ಲಿ ಅದರ ಎದುರು ದಿಕ್ಕಿಗೆ ಹೋಗುತ್ತೇನೆ. ಅದು ದಾವಣಗೆರೆಗೆ ಬರುತ್ತದೆ, ನಾನು ಹರಿಹರಕ್ಕೆ. ಹರಿಹರದಲ್ಲಿ ಹೊಳೆ ದಾಟಿದರೆ ಬೇರೆ ಜಿಲ್ಲೆ. ನನ್ನ ತರಗತಿಯಲ್ಲಿ ಹೊಳೆಯಾಚೆಯಿಂದ ಬರುವ ಹುಡುಗಿಯರಿದ್ದಾರೆ. ಸೇತುವೆ ಮೇಲೆ ನಡೆದು ಬರುತ್ತಾರೆ, ಮಧ್ಯಾಹ್ನ ಈ ಜಿಲ್ಲೆಯ ಊಟ ಉಂಡು ಸಂಜೆ ಆ ಜಿಲ್ಲೆಗೆ ಹೋಗಿ ಮಲಗುತ್ತಾರೆ. ಯಾರೂ ಅವರನ್ನು ತಡೆದು "ನಿಮ್ಮ ಗಡಿ ಆಚೆ ಐತೆ" ಎಂದಿಲ್ಲ. ಅಷ್ಟು ದೊಡ್ಡ ಹೊಳೆಗೇ ಇಲ್ಲದ ಬಿಗುಮಾನ ನಮ್ಮ ಗೇಣುದ್ದದ ರಸ್ತೆಗೆ ಯಾಕೆ ಬಂತೋ ನನಗೆ ತಿಳಿಯದು.

ಆ ಬೇಸಿಗೆಯಲ್ಲಿ ಆಪಾ ಅವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಎರೆಯುವುದಕ್ಕೆ, ಬಾಣಂತಿಗೆ ಕುಡಿಯುವುದಕ್ಕೆ ಹೊಳೆ ನೀರೇ ಬೇಕು. ಸರಿಯಾಗಿ ಆ ಹೊತ್ತಿಗೇ ಯಾರೋ ನಮ್ಮ ಪೈಪಿನ ಮೇಲೆ ದೂರು ಕೊಟ್ಟರು. ನೀರು ಬಿಡುವವನು ನಮ್ಮ ಗೇಟಿನ ಮುಂದೆ ನಿಂತು ತಲೆ ಕೆರೆದುಕೊಂಡ.

"ಟೀಚರ್, ರಸ್ತೆ ದಾಟಿಸಬ್ಯಾಡ್ರಿ. ನಗರದ ನೀರು ನಗರದಾಗೇ ಇರ್ಬೇಕಂತೆ. ಮೇಲಿಂದ ಹೇಳ್ಯಾರೆ. ಮತ್ತೆ ಕಂಡ್ರೆ ನಿಮ್ಮ ನಲ್ಲಿನೇ ಬಂದ್ ಮಾಡ್ತಾರೆ."

ಅವನ ಮೇಲೆ ರೇಗಿ ಏನು ಬಂತು? ರಜೆ ಹಾಕಿ ಪಾಲಿಕೆ ಕಚೇರಿಗೇ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂಡ್ರಿ ಅಂದರು, ಚಹಾ ತರಿಸಿದರು. ಆದರೆ ಗಡಿ ಅಂದರೆ ಗಡಿ, ನಾವೇನು ಮಾಡೋಕಾಗುತ್ತೆ ಅಂದರು. "ಎದುರು ಸಾಲು ನಗರಕ್ಕೆ ಸೇರುತ್ತೆ ಅನ್ನೋದಾದ್ರೆ ಅಳತೆ ಮಾಡಿಸ್ಕೊಂಡು ಬನ್ನಿ ಮೇಡಂ" ಎಂದು ದಾರಿ ಕೂಡ ತೋರಿಸಿದರು.

ನಾನು ಆ ಮಾತಿಗೆ ಹಿಗ್ಗಿದೆ. ನಕ್ಷೆ ಓದುವುದನ್ನು ಮಕ್ಕಳಿಗೆ ಕಲಿಸುವವಳು ನಾನು. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳಿಯ ಗಡಿ ಒಂದು ಬಂಡಿದಾರಿಯ ಗುಂಟ ಹೋಗುತ್ತದೆ. ಆಪಾ ಅವರ ಮನೆಯ ಹಿಂದೆ ಈಗಲೂ ಒಂದು ಬಂಡಿದಾರಿ ಇದೆ. ಅಂದ ಮೇಲೆ ಗಡಿ ಅವರ ಮನೆಯ ಹಿಂದೆ, ಎರಡೂ ಸಾಲು ನಗರಕ್ಕೆ! ನನ್ನ ಲೆಕ್ಕ ಇಷ್ಟು ಸರಳವಾಗಿತ್ತು. ನಮ್ಮ ಸೈಟಿನ ಹದ್ದು ಗುರುತಿಸಿಕೊಡಿ ಎಂದು ನಾನೇ ಅರ್ಜಿ ಹಾಕಿದೆ. ಆಪಾ ಅವರಿಗೂ ಹೇಳಿ ಬಂದೆ: "ಇನ್ನು ನೀವೂ ಸಿಟಿ ಮಂದಿ, ಕಸದ ಗಾಡಿ ಹಾಡು ಕೇಳಿ ಕೇಳಿ ಸಾಕಾಗ್ತೈತೆ ನೋಡ್ರಿ."

ಸರ್ವೇಯರ್ ಬಂದರು. ಅಳೆಯಬೇಕಾದರೆ ಮೊದಲು ಬಾಂದುಕಲ್ಲು ಸಿಗಬೇಕು, ಅಂದರೆ ಹಿಂದಿನವರು ಗಡಿಗೆ ನೆಟ್ಟ ಗುರುತಿನ ಕಲ್ಲು. ಆಪಾ ಅವರ ಹಿಂದಿನ ಬಂಡಿದಾರಿಯ ಗುಂಟ ಎಷ್ಟು ಹುಡುಕಿದರೂ ಸಿಗಲಿಲ್ಲ. ನಕ್ಷೆ ತಿರುಗಿಸಿ ಮುರುಗಿಸಿ ನೋಡಿ, ಅವರು ಸೀದಾ ನಮ್ಮ ಮನೆಯ ಕಡೆ ಬಂದರು. ಹಿತ್ತಲಿಗೆ ಹೋಗಬಹುದಾ ಅಂದರು.

ನಮ್ಮ ಹಿತ್ತಲಿನಲ್ಲಿ ಇದ್ದದ್ದು ಅತ್ತೆಯ ದೇವರು. ನಾವು ಕೆ.ಬಿ. ಬಡಾವಣೆಯ ಬಾಡಿಗೆ ಮನೆ ಬಿಟ್ಟು ಇಲ್ಲಿ ಮನೆ ಕಟ್ಟುವಾಗ ಮೂಲೆಯಲ್ಲೊಂದು ಕಲ್ಲು ನೆಟ್ಟಗೆ ನಿಂತಿತ್ತು. ಹಾರೆ ಹಾಕಿದರೂ ಅಲುಗಾಡಲಿಲ್ಲ. ಕುಕ್ಕುವಾಡದಿಂದ ಬಂದ ಅತ್ತೆ ಅದನ್ನು ನೋಡಿದವರೇ, "ಇದು ಭೂಮಿ ಕಾಯೋ ದೇವ್ರು, ಮುಟ್ಟಬ್ಯಾಡ್ರಪ್ಪ" ಎಂದು ಅಡ್ಡ ನಿಂತರು. ಅಂದಿನಿಂದ ಅದಕ್ಕೆ ಕುಂಕುಮ, ವಿಭೂತಿ, ಎಣ್ಣೆ. ಅಮಾವಾಸ್ಯೆಗೆ ಕಾಯಿ. ನನಗೆ ಪ್ರಮೋಷನ್ ಬಂದಾಗ ನಾನೂ ಅದಕ್ಕೆ ಕೈಮುಗಿದಿದ್ದೇನೆ.

"ಚಪ್ಲಿ ಬಿಟ್ಟು ಬರ್ರಿ," ಅಂದರು ಅತ್ತೆ. ಸರ್ವೇಯರ್ ಬೂಟು ಬಿಚ್ಚಿದರು. ಕುಕ್ಕರಗಾಲಲ್ಲಿ ಕೂತು, "ಅಜ್ಜಿ, ಸ್ವಲ್ಪ ಕುಂಕುಮ ಒರೆಸ್ಲಾ?" ಎಂದು ಕೇಳಿದರು. ಪದರು ಪದರು ಎಣ್ಣೆ ಕುಂಕುಮ ಎದ್ದು ಬಂದ ಮೇಲೆ ನೆತ್ತಿಯಲ್ಲಿ ಉಳಿಯಿಂದ ಕೊರೆದ ಅಡ್ಡಗೀಟು ಕಂಡಿತು.

ಹುಡುಕುತ್ತಿದ್ದ ಬಾಂದುಕಲ್ಲು ಅದೇ. ಹಳೆಯ ಬಂಡಿದಾರಿ ನಮ್ಮ ಸಾಲಿನ ಹಿಂದೆ ಹೋಗುತ್ತಿತ್ತಂತೆ. ಬಡಾವಣೆ ಮಾಡುವಾಗ ಅದನ್ನು ಮುಚ್ಚಿ ಮುಂದೆ ಹೊಸ ರಸ್ತೆ ಹಾಕಿದರು. ಆಮೇಲೆ ಬಂದವರೆಲ್ಲ ಹೊಸ ರಸ್ತೆಯನ್ನೇ ಹಳೆಯ ಗಡಿ ಅಂದುಕೊಂಡರು. ಆಪಾ ಅವರ ಹಿಂದಿದ್ದದ್ದು ಹೊಲಕ್ಕೆ ಹೋಗುವ ಬೇರೆ ದಾರಿ. ಎರಡೂ ಸಾಲು ಒಂದೇ ಕಡೆಗೆ ಸೇರಿದ್ದವು ಎಂಬ ನನ್ನ ಮಾತು ನಿಜವೇ ಆಗಿತ್ತು, ಆದರೆ ಸೇರಿದ್ದು ಹಳ್ಳಿಗೆ. ನಗರ ನಮ್ಮ ಹಿತ್ತಲಿಗೇ ಮುಗಿದಿತ್ತು, ಅಲ್ಲಿಗೆ ನಮ್ಮ ಸಾಲಿನ ಹೊಳೆ ನೀರೂ ಮುಗಿದಂತೆ.

ಸರ್ವೇಯರ್ ನಗು ತಡೆದುಕೊಂಡು, "ಅಜ್ಜಿ, ಇದು ದೇವ್ರಲ್ಲ, ಸರ್ಕಾರದ ಕಲ್ಲು" ಅಂದರು.

"ದೇವ್ರ ತಲಿ ಮ್ಯಾಲೆ ಗೀಟು ಕೊರಿಯಾಕೆ ನಿಮ್ಗೆ ಯಾರು ಹೇಳಿದ್ರು?" ಎಂದು ಅತ್ತೆ ಗದರಿಸಿ, ಆಗಲೇ ಕುಂಕುಮದ ಬಟ್ಟಲು ತರಲು ಒಳಗೆ ಹೋದರು.

ರಸ್ತೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಆಪಾ ಸೆರಗು ಬಾಯಿಗೆ ಹಿಡಿದು ನಕ್ಕರು. "ಬರ್ರಿ ಟೀಚರಮ್ಮ, ನಮ್ಮೂರಿಗೆ ಬರ್ರಿ. ಎಷ್ಟ್ ವರ್ಷದಿಂದ ಕಾಯಾಕತ್ತೀವಿ." ನನಗೂ ನಗು ಬಂತು. ನಗು ಮುಗಿದ ಮೇಲೆ ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ನಾಳೆ ಕೂಸಿಗೆ ನೀರು ಎಲ್ಲಿಂದ?

ಅದೇ ದಿನ ಸಂಜೆ ನಮ್ಮ ಸಾಲಿನವರು ಮನೆಗೆ ಬಂದರು. ಮುಂದಾಳು ಯಾವಾಗಲೂ ಇಸ್ತ್ರಿ ಮುರಿಯದ ಬಿಳಿ ಅಂಗಿ ಹಾಕುವ, ಎಲ್ಲ ಪಕ್ಷದವರ ಜೊತೆಯೂ ಫೋಟೋ ತೆಗೆಸಿಕೊಂಡಿರುವ ಮೂಲೆ ಮನೆಯವರು. ಸೋಫಾದ ತುದಿಯಲ್ಲಿ ಕೂತು ಮೆತ್ತಗೆ ಶುರುಮಾಡಿದರು.

"ಮೇಡಮ್ಮಾರೆ, ಸುಮ್ನೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಹೋಗ್ಲಿ ಬಿಡ್ರಿ. ಅಳತೆ ಇನ್ನೂ ಮ್ಯಾಲೆ ಹೋಗಿಲ್ಲ. ಅರ್ಜಿ ನಿಮ್ದು, ವಾಪಸ್ ತಗೊಂಬಿಡ್ರಿ. ಕಲ್ಲು ದೇವ್ರಾಗೇ ಇರ್ಲಿ. ಪೂಜೆ ಮಾಡಿ ಗುಡಿ ಕಡೆ ಸಾಗಿಸಿದ್ರೂ ಯಾರೂ ಕೇಳಂಗಿಲ್ಲ. ಒಂದೇ ಮಾತು, ಆ ಪೈಪು ಮಾತ್ರ ಇನ್ನ ಬ್ಯಾಡ. ಅದನ್ನ ತೆಗದ್ರೆ ದೂರೂ ಇಲ್ಲ, ಅಳತೆನೂ ಇಲ್ಲ."

ಅಂದರೆ ದೂರು ಕೊಟ್ಟವರು ಯಾರು ಎಂದು ನನಗೆ ಆಗ ಗೊತ್ತಾಯಿತು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು, "ಅಡ್ರೆಸ್ಸೇ ಬದಲಾಗ್ತೈತೆ ಕಣ್ರಿ. ಮಗಳಿಗೆ ಗಂಡು ನೋಡಾಕತ್ತೀವಿ, ಪಂಚಾಯ್ತಿ ಅಂತ ಹೆಂಗೆ ಹೇಳೋದು?" ಎಂದು ಕಣ್ಣೀರು ತೆಗೆದರು. ನಮ್ಮನೆಯವರು ಕುರ್ಚಿ ಎಳೆದುಕೊಂಡು ಮೂಲೆ ಮನೆಯವರ ಪಕ್ಕದಲ್ಲೇ ಕೂತರು. ಅವರ ಮನಸ್ಸು ಯಾವ ಕಡೆ ವಾಲಿತ್ತು ಎಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಾಗದೆ ಇರುತ್ತದೆಯೇ?

ನನಗೆ ನೀರು ಬೇಕಿರಲಿಲ್ಲ ಎಂದರೆ ಸುಳ್ಳು. ಸವಳು ನೀರಿನಲ್ಲಿ ಬದುಕುವುದು ಹೇಗೆಂದು ಎದುರು ಸಾಲು ನೋಡಿ ಬಲ್ಲೆ. ಭಯವಾಯಿತು. ಆದರೆ ಕೂಸಿನ ನೀರು ಕಿತ್ತು ನನ್ನ ತೊಟ್ಟಿ ತುಂಬಿಸಿಕೊಳ್ಳಿ ಎಂದು ನನ್ನ ಮನೆಯ ಸೋಫಾದ ಮೇಲೆ ಕೂತು ಹೇಳುತ್ತಾರಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು.

"ಅರ್ಜಿ ವಾಪಸ್ ತಗೊಳ್ಳಲ್ಲ," ಅಂದೆ. "ಕಲ್ಲೂ ಎಲ್ಲಿಗೂ ಹೋಗಲ್ಲ. ಪೈಪೂ ತೆಗೆಯಲ್ಲ. ಚಹಾ ಕುಡೀತೀರಾ?"

ಯಾರೂ ಚಹಾ ಕುಡಿಯಲಿಲ್ಲ. ಅಂದಿನಿಂದ ನಮ್ಮ ಸಾಲಿನಲ್ಲಿ ಅರಿಸಿನ ಕುಂಕುಮಕ್ಕೆ ನನ್ನನ್ನು ಕರೆಯುವುದು ನಿಂತಿತು. ನಿಲ್ಲಲಿ. ಅತ್ತೆ ಮಾತ್ರ ಅವರೆಲ್ಲ ಹೋದ ಮೇಲೆ, "ದೇವ್ರನ್ನ ಎತ್ತಿ ಸಾಗಿಸ್ತಾರಂತೆ, ಇವರ ಮನೆ ಹಾಳಾಗ!" ಎಂದು ಬೈದು ಬಾಗಿಲು ಹಾಕಿದರು. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ. ಆ ಹೊತ್ತಿಗೆ ನನಗೆ ಅಷ್ಟು ಬೆಂಬಲ ಸಾಕಿತ್ತು.

ಅಳತೆ ಮೇಲೆ ಹೋಯಿತು. ನಲ್ಲಿ ಬಂದ್ ಮಾಡುವ ದಿನವೂ ಬಂತು. ಇಡೀ ಸಾಲಿನದು ಒಟ್ಟಿಗೆ ಬಂದ್ ಆಗುತ್ತದೆ ಎಂದು ಹಿಂದಿನ ದಿನವೇ ನೀರು ಬಿಡುವವನು ಹೇಳಿಹೋಗಿದ್ದ. ಬೆಳಿಗ್ಗೆ ಅವನು ಬಂದಾಗ ನಾನು ಹಾಡಹಗಲಲ್ಲಿ, ಎಲ್ಲರ ಕಣ್ಣೆದುರು, ಪೈಪು ಸಿಕ್ಕಿಸಿ ಆ ಕಡೆ ಬಿಟ್ಟಿದ್ದೆ. ಎದುರು ಸಾಲಿನ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಅವನು ಸ್ಪ್ಯಾನರ್ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. ಕೊನೆಯ ಕೊಡ ತುಂಬುವವರೆಗೆ ಫೋನು ನೋಡಿದ. ಆಮೇಲೆ ತನ್ನ ಕೆಲಸ ಮಾಡಿ ಹೋದ. ಮೂಲೆ ಮನೆಯವರು ತಮ್ಮ ಗೇಟಿನಲ್ಲಿ ನಿಂತು ನನ್ನನ್ನು ಸುಡುವಂತೆ ನೋಡುತ್ತಿದ್ದರು. ನಾನೂ ನೋಡಿದೆ.

ಆ ವಾರವೇ ಪಂಚಾಯ್ತಿಯ ಗ್ರಾಮಸಭೆ ಇತ್ತು. ಇಷ್ಟು ವರ್ಷ ಪಾಠ ಮಾಡಿದ್ದೇನೆಯೇ ಹೊರತು ಒಂದು ಗ್ರಾಮಸಭೆಯಲ್ಲೂ ನಾನು ಕೂತವಳಲ್ಲ. ಹಳ್ಳಿಯ ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುಂದೆ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನದ ಮೇಲೆ ಹೆಂಗಸರು. ಆಪಾ ನನ್ನನ್ನು ಎಳೆದುಕೊಂಡು ಮುಂದೆ ಕೂರಿಸಿದರು. ಅವರ ಮಡಿಲಲ್ಲಿ ಮೊಮ್ಮಗು. ನಮ್ಮ ಸಾಲಿನಿಂದ ಬಂದವಳು ನಾನೊಬ್ಬಳೇ. ಉಳಿದವರು ಗಡಿಯನ್ನು ಮತ್ತೆ ರಸ್ತೆಗೆ ತರಿಸಲು ದೊಡ್ಡವರ ಮನೆಗಳಿಗೆ ಓಡಾಡುತ್ತಿದ್ದರು.

ನೀರಿನ ಮಾತು ಬಂದಾಗ ವೇದಿಕೆಯ ಮೇಲಿದ್ದ ಅಧಿಕಾರಿ ಸಮಾಧಾನದ ದನಿಯಲ್ಲಿ ಹೇಳಿದರು: "ನೋಡ್ರಮ್ಮ, ನಗರ ಬೆಳೀತಾ ಐತೆ. ಇವತ್ತಲ್ಲ ನಾಳೆ ನಿಮ್ಮ ಭಾಗ ನಗರಕ್ಕೆ ಸೇರೇ ಸೇರುತ್ತೆ. ಆಗ ಹೊಳೆ ನೀರು ತಾನಾಗೇ ಬರುತ್ತೆ. ಸ್ವಲ್ಪ ತಾಳ್ಮೆ ಇರ್ಲಿ."

"ಅಲ್ಲಿ ತನಕ ಈ ಕೂಸು ಏನ್ ಕುಡೀಬೇಕ್ರಿ?" ಅಂದರು ಆಪಾ.

ಅಧಿಕಾರಿ ಮುಂದಿನ ವಿಷಯದ ಹಾಳೆ ತಿರುವಿದರು. ನಾನು ಎದ್ದು ನಿಂತೆ. ಹೊಳೆಯಿಂದ ನಗರಕ್ಕೆ ಹೋಗುವ ದೊಡ್ಡ ಪೈಪು ನಮ್ಮ ಊರಿನ ನೆಲದಲ್ಲೇ ಹಾದುಹೋಗುತ್ತದೆ, ಹೊಲಗಳ ಅಂಚಿನಲ್ಲಿ ಅದರ ವಾಲ್ವುಗಳನ್ನು ನಾನು ದಿನಾ ಬಸ್ಸಿನಿಂದ ನೋಡುತ್ತೇನೆ ಎಂದೆ. ಅದರಿಂದ ಒಂದು ಕವಲು ಕೊಡಿ ಎಂದೆ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಯಾರ ವ್ಯಾಪ್ತಿಯೋ ಅವರಿಗೆ ಈ ಸಭೆಯ ಠರಾವು ಕಳಿಸಿ ಎಂದೆ. ಮೇಡಂ, ನೀವು ವಿದ್ಯಾವಂತರು, ನಗರ ಆದರೆ ನಿಮಗೇ ಅನುಕೂಲ ಅಲ್ಲವಾ ಎಂದು ಅವರು ನಕ್ಕರು.

"ನೀರು ಕುಡಿಯೋಕೆ ನಾವು ನಗರ ಆಗಬೇಕಿಲ್ಲ ಸರ್," ಅಂದೆ. "ಊರು ಊರಾಗೇ ಇರ್ಲಿ. ಬಾಯಾರಿಕೆ ಎರಡೂ ಕಡೆ ಒಂದೇ."

ಹಿಂದಿನ ಜಮಖಾನದಿಂದ ಚಪ್ಪಾಳೆ ಬಂತು, ಮುಂದಿನ ಕುರ್ಚಿಗಳಿಂದ ಬರಲಿಲ್ಲ. ಠರಾವು ಬರೆದರು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಈಗ ಶಾಲೆಯಿಂದ ಬರುವಾಗ ಕ್ಯಾನಿನಲ್ಲಿ ಹರಿಹರದ ನೀರು ಹಿಡಿದು ತರುತ್ತೇನೆ. ಕಂಡಕ್ಟರ್ ಲಗೇಜು ಅನ್ನುತ್ತಾನೆ, ನಾನು ಕೂಸಿನ ನೀರು ಅನ್ನುತ್ತೇನೆ, ಅವನು ಲಗೇಜಿನ ಟಿಕೆಟ್ ಹರಿಯದೆ ಮುಂದೆ ಹೋಗುತ್ತಾನೆ. ಮುಂದಿನ ಸಭೆಗೆ ನಾನು ಮತ್ತೆ ಹೋಗುತ್ತೇನೆ, ಅದರ ಮುಂದಿನದಕ್ಕೂ ಹೋಗುತ್ತೇನೆ. ಎಲ್ಲಿಯವರು ನೀವು ಎಂದು ಕೇಳಿದರೆ, ಈ ಹಳ್ಳಿಯವಳು ಎಂದು ಹೇಳಿ ಮುಂದಿನ ಸಾಲಿನಲ್ಲೇ ಕೂರುತ್ತೇನೆ.